ಎಕರೆ ಲೆಕ್ಕದ ಹಿಮ, ಗಂಟೆ ಲೆಕ್ಕದ ದಾರಿ

ಗದ್ದೆ, ತೋಟಗಳನ್ನು ಎಕರೆಯಲ್ಲಿ ಅಳೆಯುವುದು ಎಲ್ಲರಿಗೂ ಗೊತ್ತು. ಹಿಮವನ್ನೂ ಎಕರೆ ಲೆಕ್ಕದಲ್ಲಿ ಹೇಳಿ ಗಿರಾಕಿಗಳನ್ನು ಕರೆಯುವ ವ್ಯಾಪಾರ ಅಮೆರಿಕದಲ್ಲಿದೆ. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಬೆಟ್ಟದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಅಲ್ಲಿನ ಪಶ್ಚಿಮ ರಾಜ್ಯಗಳಲ್ಲಿ ಆಟವಾಗಿ ಉಳಿದಿಲ್ಲ, ದೊಡ್ಡ ಉದ್ಯಮವಾಗಿದೆ. 2022–23ರ ಚಳಿಗಾಲದಲ್ಲಿ ಆ ದೇಶದ ಸ್ಕೀ ತಾಣಗಳಿಗೆ ಬಂದವರ ಭೇಟಿಗಳನ್ನು ಒಂದೊಂದು ದಿನಕ್ಕೆ ಒಂದರಂತೆ ಎಣಿಸಿದರೆ ಆರೂವರೆ ಕೋಟಿ ದಾಟಿತ್ತು. ಅಲ್ಲಿಯವರೆಗಿನ ದಾಖಲೆ ಅದು. ವಿಚಿತ್ರವೆಂದರೆ, ತಾಣಗಳ ಸಂಖ್ಯೆ ಮಾತ್ರ ಇಳಿಯುತ್ತಲೇ ಬಂದಿದೆ. 1980ರ ದಶಕದ ಆರಂಭದಲ್ಲಿ 700ಕ್ಕೂ ಹೆಚ್ಚಿದ್ದ ಸ್ಕೀ ತಾಣಗಳು ಈಗ 500ಕ್ಕಿಂತ ಕಡಿಮೆ. ಊರ ಪಕ್ಕದ ಸಣ್ಣ ಗುಡ್ಡಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ದೂರದ ದೊಡ್ಡ ಬೆಟ್ಟಗಳು ಇನ್ನಷ್ಟು ದೊಡ್ಡವಾದವು.

ಹೀಗೆ ದೊಡ್ಡದಾದವುಗಳಲ್ಲಿ ಒಂದು ಕೊಲರಾಡೋ ರಾಜ್ಯದ ಸ್ಟೀಮ್‌ಬೋಟ್. 2023–24ರ ಚಳಿಗಾಲದಲ್ಲಿ ಈ ರೆಸಾರ್ಟು 'ಮಹಾಗನಿ ರಿಜ್' ಎಂಬ ಹೊಸ ಭಾಗವನ್ನು ತೆರೆದು ಸುಮಾರು 650 ಎಕರೆ ಇಳಿಜಾರನ್ನು ತನ್ನ ನಕ್ಷೆಗೆ ಸೇರಿಸಿಕೊಂಡಿತು. ಒಟ್ಟು ವಿಸ್ತಾರ 3,741 ಎಕರೆಯಾಯಿತು. 5,317 ಎಕರೆಯ ವೇಲ್ ಒಂದನ್ನು ಬಿಟ್ಟರೆ ರಾಜ್ಯದಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಆದರೆ ರಾಜಧಾನಿ ಡೆನ್ವರ್‌ನಿಂದ ಸ್ಟೀಮ್‌ಬೋಟ್‌ಗೆ ಸುಮಾರು 250 ಕಿಲೋಮೀಟರ್ ದೂರ. ಹವೆ ಚೆನ್ನಾಗಿದ್ದರೆ ಮೂರು ಗಂಟೆ, ಹಿಮ ಸುರಿಯುತ್ತಿದ್ದರೆ ಎಷ್ಟೆಂದು ಹೇಳುವಂತಿಲ್ಲ. ಲವ್‌ಲ್ಯಾಂಡ್ ಎಂಬ ಇನ್ನೊಂದು ತಾಣ ಅದೇ ಡೆನ್ವರ್‌ನಿಂದ 85 ಕಿಲೋಮೀಟರ್ ದೂರದಲ್ಲೇ ಇದೆ. ಹಾಗಿರುವಾಗ ಬೆಟ್ಟಕ್ಕೆ 650 ಎಕರೆ ಕೂಡಿದ್ದರಿಂದ ಈ ದೀರ್ಘ ಪ್ರಯಾಣ ಲಾಭದ್ದಾಯಿತೇ ಎಂಬ ಪ್ರಶ್ನೆ ಡೆನ್ವರ್‌ನ ಸ್ಕೀಪ್ರಿಯರಿಗೆ ಸಹಜವಾಗಿಯೇ ಬರುತ್ತದೆ. ಮೇಲ್ನೋಟಕ್ಕೆ ವಾರಾಂತ್ಯದ ಮೋಜಿನ ಪ್ರಶ್ನೆಯಂತೆ ಕಾಣುವ ಇದರ ಹಿಂದೆ ಒಂದು ರಾಜ್ಯದ ಅರ್ಧ ಶತಮಾನದ ಕಥೆಯೇ ಇದೆ.

ಮೊದಲು ಎಕರೆಯ ಲೆಕ್ಕವನ್ನೇ ನೋಡೋಣ. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಸ್ಕೀ ತಾಣದ ಗಾತ್ರವನ್ನು ಜಾಡುಗಳ ಉದ್ದದಿಂದ, ಅಂದರೆ ಕಿಲೋಮೀಟರ್‌ಗಳಲ್ಲಿ ಹೇಳುತ್ತಾರೆ. ಅದರಲ್ಲೂ ಬುರುಡೆ ಇಲ್ಲದಿಲ್ಲ. 2013ರಲ್ಲಿ ಜರ್ಮನಿಯ ಸಲಹೆಗಾರರೊಬ್ಬರು ಜಾಡುಗಳನ್ನು ಅಳೆದು ನೋಡಿದಾಗ ಎಷ್ಟೋ ಪ್ರಸಿದ್ಧ ತಾಣಗಳು ಉದ್ದವನ್ನು ಹಿಗ್ಗಿಸಿ ಹೇಳುತ್ತಿದ್ದುದು ಬಯಲಾಗಿ ಗದ್ದಲವಾಯಿತು. ಅಮೆರಿಕದಲ್ಲಿ ಎಣಿಕೆಗೆ ಬರುವುದು ಗಡಿಯೊಳಗಿನ ನೆಲ. ಯಂತ್ರದಿಂದ ನಯಗೊಳಿಸಿದ ಅಗಲವಾದ ಜಾಡೂ ಅದರಲ್ಲಿ ಸೇರುತ್ತದೆ, ಮರಗಳ ನಡುವಿನ ಇಕ್ಕಟ್ಟಾದ ಸಂದಿಯೂ ಸೇರುತ್ತದೆ. ಹೀಗಾಗಿ ಒಂದು ಎಕರೆ ಇನ್ನೊಂದು ಎಕರೆಗೆ ಸಮವಲ್ಲ. ಮಹಾಗನಿ ರಿಜ್‌ನ ಬಹುಪಾಲು ಇಳಿಜಾರು ಪಳಗಿದವರಿಗೆ ಮಾತ್ರ. ಕಡಿದಾದ ಜಾಗ, ಬಂಡೆ, ದಟ್ಟ ಮರಗಳು. ನಿನ್ನೆ ಮೊನ್ನೆ ಕಲಿತ ಮಗುವನ್ನು ಕರೆದುಕೊಂಡು ಬರುವ ಕುಟುಂಬಕ್ಕೆ ಆ 650 ಎಕರೆ ನೋಡಿ ಆನಂದಿಸುವ ದೃಶ್ಯವಷ್ಟೇ.

ಇನ್ನೊಂದು ಲೆಕ್ಕವೂ ಇದೆ. ಲಿಫ್ಟುಗಳು ಬೆಳಿಗ್ಗೆ ಎಂಟೂವರೆಗೆ ಶುರುವಾಗಿ ನಾಲ್ಕಕ್ಕೆ ನಿಲ್ಲುತ್ತವೆ ಎಂದಿಟ್ಟುಕೊಳ್ಳೋಣ. ಊಟ, ವಿಶ್ರಾಂತಿಗೆ ಒಂದು ಗಂಟೆ ಕಳೆದರೆ ಉಳಿಯುವುದು ಆರೂವರೆ ಗಂಟೆ. ಮೇಲೇರಲು ಹತ್ತು ನಿಮಿಷ, ಇಳಿಯಲು ಹತ್ತು ನಿಮಿಷ, ಸರದಿಯಲ್ಲಿ ನಿಲ್ಲಲು ಹತ್ತು ನಿಮಿಷ ಎಂದು ಹಿಡಿದರೆ ದಿನಕ್ಕೆ ಹದಿಮೂರು ಸುತ್ತು. ಬೆಟ್ಟ ಮೂರು ಸಾವಿರ ಎಕರೆಯದ್ದಾಗಿರಲಿ, ನಾಲ್ಕು ಸಾವಿರ ಎಕರೆಯದ್ದಾಗಿರಲಿ, ಒಬ್ಬ ಮನುಷ್ಯನ ಎರಡು ಕಾಲು ತುಳಿಯುವುದು ಹದಿಮೂರು ಗೆರೆಗಳನ್ನೇ. ಆದರೆ ಸರದಿಯಲ್ಲಿ ನಿಲ್ಲುವ ಹತ್ತು ನಿಮಿಷ ಇಲ್ಲವಾದರೆ ಹದಿಮೂರು ಹತ್ತೊಂಬತ್ತಾಗುತ್ತದೆ. ಜಾಗ ಹೆಚ್ಚಿದ್ದರಿಂದ ಸ್ಕೀಯರ್‌ಗೆ ಸಿಗುವ ನಿಜವಾದ ಲಾಭ ಇಲ್ಲಿದೆ: ಜನ ಚದುರಬೇಕು, ಸಾಲು ಕರಗಬೇಕು, ರಾತ್ರಿ ಬಿದ್ದ ಹೊಸ ಹಿಮ ಮಧ್ಯಾಹ್ನದವರೆಗಾದರೂ ತುಳಿಸಿಕೊಳ್ಳದೆ ಉಳಿಯಬೇಕು.

ಜನ ಚದುರಿದರೇ ಎಂಬುದೇ ಪ್ರಶ್ನೆ. ಸ್ಟೀಮ್‌ಬೋಟ್ ಜಾಗವನ್ನು ಹೆಚ್ಚಿಸಿದ ಅದೇ ಹೊತ್ತಿನಲ್ಲಿ 'ವೈಲ್ಡ್ ಬ್ಲೂ' ಎಂಬ ಗೊಂಡೋಲಾವನ್ನೂ ಕಟ್ಟಿತು. ಹತ್ತು ಜನ ಕೂರುವ ತೊಟ್ಟಿಲುಗಳು ತಂತಿಯ ಮೇಲೆ ಐದು ಕಿಲೋಮೀಟರ್ ಸಾಗುತ್ತವೆ. ಉತ್ತರ ಅಮೆರಿಕದಲ್ಲಿ ಇದೇ ಅತಿ ಉದ್ದದ ಗೊಂಡೋಲಾ ಎನ್ನುತ್ತದೆ ಕಂಪನಿ. ಬೆಟ್ಟದ ಬುಡದಿಂದ ಗಂಟೆಗೆ 6,000 ಜನರನ್ನು ಮೇಲೆತ್ತುತ್ತಿದ್ದ ವ್ಯವಸ್ಥೆ ಈಗ 10,000 ಜನರನ್ನು ಎತ್ತಬಲ್ಲದು. ಬುಡದಲ್ಲಿ ಕರಗಿದ ಸಾಲು ನಡುಬೆಟ್ಟದಲ್ಲಿ ಮತ್ತೆ ಹುಟ್ಟಿಕೊಳ್ಳುವುದು ಇಂಥ ಕಡೆ ಹೊಸದೇನಲ್ಲ.

ಬರುವ ಜನರೂ ಹಿಂದಿನ ಲೆಕ್ಕದಲ್ಲಿ ಉಳಿದಿಲ್ಲ. 2008ರಲ್ಲಿ ವೇಲ್ ರೆಸಾರ್ಟ್ಸ್ ಕಂಪನಿ 579 ಡಾಲರ್‌ಗೆ ಇಡೀ ಋತುವಿನ 'ಎಪಿಕ್ ಪಾಸ್' ಮಾರಲು ತೊಡಗಿತು. ಒಂದೇ ಚೀಟಿಯಲ್ಲಿ ಹಲವು ಬೆಟ್ಟಗಳು. 2018ರಲ್ಲಿ ಅದರ ಪ್ರತಿಸ್ಪರ್ಧಿ ಆಲ್ಟೆರಾ 'ಐಕಾನ್ ಪಾಸ್' ತಂದಿತು. ಸ್ಟೀಮ್‌ಬೋಟ್ ಇರುವುದು ಈ ಎರಡನೆಯ ಗುಂಪಿನಲ್ಲಿ. ಪಾಸ್ ಇಲ್ಲದೆ ಒಂದೇ ದಿನಕ್ಕೆ ಬರುವವನಿಗೆ ವೇಲ್‌ನಂಥ ಕಡೆ ದಟ್ಟಣೆಯ ದಿನಗಳಲ್ಲಿ 300 ಡಾಲರ್‌ಗಿಂತ ಹೆಚ್ಚು ಕೇಳುತ್ತಾರೆ. ಹಾಗಾಗಿ ಜನ ಹಿಮ ಬೀಳುವ ಮೊದಲೇ, ಬೇಸಿಗೆಯಲ್ಲೇ ಹಣ ಕಟ್ಟಿ ಪಾಸ್ ಕೊಳ್ಳುತ್ತಾರೆ. ಕೊಂಡ ಮೇಲೆ ಅದನ್ನು ವಸೂಲು ಮಾಡಿಕೊಳ್ಳದೆ ಬಿಡಲು ಮನಸ್ಸು ಬಾರದು. ಬಾಳೆಎಲೆ ಊಟಕ್ಕೆ ಕೂತವನು ಬಡಿಸಿದ್ದನ್ನೆಲ್ಲ ಮುಗಿಸಲು ಹೆಣಗುವಂತೆ, ಪಾಸ್ ಹಿಡಿದವರು ಪ್ರತಿ ಶನಿವಾರ ನಸುಕಿನಲ್ಲಿ ಕಾರು ಹತ್ತುತ್ತಾರೆ. ಪಾಸ್ ಮಾರುವವರಿಗೆ ಪ್ರತಿ ವರ್ಷ ಹೊಸದೇನನ್ನಾದರೂ ತೋರಿಸಬೇಕು. ಹೊಸ ಎಕರೆಗಳಷ್ಟು ಚೆನ್ನಾಗಿ ಜಾಹೀರಾತಿಗೆ ಒದಗುವುದು ಬೇರೆ ಯಾವುದಿದೆ?

ಈ ಕಾರುಗಳೆಲ್ಲ ಹಾದುಹೋಗಬೇಕಾದ ದಾರಿ ಹೆಚ್ಚುಕಡಿಮೆ ಒಂದೇ: ಐ-70 ಎಂಬ ರಾಷ್ಟ್ರೀಯ ಹೆದ್ದಾರಿ. ಅದು ರಾಕಿ ಪರ್ವತದ ಬೆನ್ನೆಲುಬನ್ನು ದಾಟುವುದು ಐಸೆನ್‌ಹೋವರ್ ಸುರಂಗದಲ್ಲಿ. ಸಮುದ್ರಮಟ್ಟದಿಂದ 11,000 ಅಡಿಗೂ ಹೆಚ್ಚು ಎತ್ತರದಲ್ಲಿರುವ, ಸುಮಾರು 2.7 ಕಿಲೋಮೀಟರ್ ಉದ್ದದ ಈ ಸುರಂಗದ ಮೊದಲ ಕೊಳವೆ 1973ರ ಮಾರ್ಚ್‌ನಲ್ಲಿ, ಎರಡನೆಯದು 1979ರಲ್ಲಿ ಸಂಚಾರಕ್ಕೆ ತೆರೆದವು. ಅದಕ್ಕೆ ಮುನ್ನ ವಾಹನಗಳು 11,990 ಅಡಿ ಎತ್ತರದ ಲವ್‌ಲ್ಯಾಂಡ್ ಕಣಿವೆದಾರಿಯನ್ನು ಹತ್ತಿ ಇಳಿಯಬೇಕಿತ್ತು. ಸುರಂಗ ತೋಡುವಾಗಿನ ಒಂದು ಪ್ರಸಂಗ ಸ್ವಾರಸ್ಯಕರವಾದದ್ದು. ಹೆಣ್ಣು ಸುರಂಗದೊಳಗೆ ಕಾಲಿಟ್ಟರೆ ಅಪಶಕುನ ಎಂಬ ಗಣಿ ಕೆಲಸಗಾರರ ನಂಬಿಕೆಯಿಂದಾಗಿ ಜಾನೆಟ್ ಬೊನೆಮಾ ಎಂಬ ತಂತ್ರಜ್ಞೆಯನ್ನು ಹೊರಗಿನ ಕಚೇರಿಯಲ್ಲೇ ಕೂರಿಸಿದ್ದರು. ಆಕೆ ನ್ಯಾಯಾಲಯದ ಮೊರೆ ಹೋಗಿ 1972ರಲ್ಲಿ ಒಳಗೆ ಹೋದಳು. ಹಲವು ಕೆಲಸಗಾರರು ಆ ದಿನ ಕೆಲಸ ಬಿಟ್ಟು ಹೊರನಡೆದರಂತೆ. ಸುರಂಗವೇನೂ ಕುಸಿಯಲಿಲ್ಲ.

ಕುಸಿದದ್ದು ಬೇರೆಯೇ ಒಂದು ಕನಸು. 1976ರ ಚಳಿಗಾಲದ ಒಲಿಂಪಿಕ್ಸ್ ನಡೆಸುವ ಅವಕಾಶ 1970ರಲ್ಲಿ ಡೆನ್ವರ್‌ಗೆ ಸಿಕ್ಕಿತ್ತು. ನಗರದ ಹತ್ತಿರವೇ ಎಲ್ಲ ಸ್ಪರ್ಧೆಗಳೂ ನಡೆಯುತ್ತವೆ ಎಂದು ಮೊದಲು ಹೇಳಿದ್ದವರು, ಆಮೇಲೆ ಹತ್ತಿರದ ಗುಡ್ಡಗಳಲ್ಲಿ ಸಾಕಷ್ಟು ಹಿಮವಿಲ್ಲ, ಅಲ್ಲಿನ ನಿವಾಸಿಗಳ ವಿರೋಧವೂ ಇದೆ ಎಂದು ಕೆಲವು ಸ್ಪರ್ಧೆಗಳನ್ನು ದೂರದ ಸ್ಟೀಮ್‌ಬೋಟ್‌ಗೆ ತಳ್ಳಿದರು. ಖರ್ಚು ಏರಿತು, ಬೆಟ್ಟಗಳ ಗತಿ ಏನಾದೀತೆಂಬ ಆತಂಕವೂ ಬೆಳೆಯಿತು. 1972ರ ನವೆಂಬರ್‌ನಲ್ಲಿ ಕೊಲರಾಡೋದ ಮತದಾರರು ಕ್ರೀಡಾಕೂಟಕ್ಕೆ ಹಣ ಕೊಡುವುದಿಲ್ಲವೆಂದು ದೊಡ್ಡ ಬಹುಮತದಿಂದ ತೀರ್ಪಿತ್ತರು. ಕೂಟ ಆಸ್ಟ್ರಿಯದ ಇನ್ಸ್‌ಬ್ರಕ್‌ಗೆ ಹೋಯಿತು. ಕೈಗೆ ಬಂದ ಒಲಿಂಪಿಕ್ಸನ್ನು ಮತದಾರರೇ ಬೇಡವೆಂದು ಹಿಂದಿರುಗಿಸಿದ ಊರು ಜಗತ್ತಿನಲ್ಲಿ ಇನ್ನೊಂದಿಲ್ಲ.

ಒಲಿಂಪಿಕ್ಸನ್ನು ತಡೆದ ಜನ ಹೆದ್ದಾರಿಯನ್ನು ತಡೆಯಲಿಲ್ಲ. ನಾಲ್ಕೇ ತಿಂಗಳಲ್ಲಿ ಸುರಂಗ ತೆರೆಯಿತು. ಆಚೆ ಬದಿಯ ಬೆಟ್ಟಗಳು ಡೆನ್ವರ್‌ನ ಹಿತ್ತಿಲಾದವು. ಎರಡನೆಯ ಮಹಾಯುದ್ಧದಲ್ಲಿ ಪರ್ವತ ಸೇನೆಯಲ್ಲಿದ್ದು ಗಾಯಗೊಂಡು ಮರಳಿದ ಪೀಟ್ ಸೀಬರ್ಟ್ ಗೆಳೆಯರೊಂದಿಗೆ 1962ರಲ್ಲಿ ಕಟ್ಟಿದ ವೇಲ್, ಕುರಿ ಮೇಯುತ್ತಿದ್ದ ಕಣಿವೆಯಿಂದ ನಗರವಾಗಿ ಬೆಳೆಯಿತು. 1980ರಲ್ಲಿ ಅದರ ಪಕ್ಕ ಬೀವರ್ ಕ್ರೀಕ್ ತೆರೆಯಿತು. ಆ ಪ್ರಮಾಣದ ಹೊಸ ರೆಸಾರ್ಟು ಕೊಲರಾಡೋದಲ್ಲಿ ಮತ್ತೆ ಹುಟ್ಟಲಿಲ್ಲ. ಅಂದಿನಿಂದ ಇಂದಿನವರೆಗೆ ನಡೆದಿರುವುದೆಲ್ಲ ಇದ್ದ ಬೆಟ್ಟಗಳ ಗಡಿ ಹಿಗ್ಗಿಸುವ ಕೆಲಸ. ಇದಕ್ಕೆ ಕಾರಣ ಸರಳ. ಬೆಟ್ಟಗಳ ನೆಲ ಬಹುಮಟ್ಟಿಗೆ ಕೇಂದ್ರ ಸರ್ಕಾರದ ಅರಣ್ಯ ಇಲಾಖೆಯದು. ರೆಸಾರ್ಟುಗಳು ಅಲ್ಲಿ ಒಕ್ಕಲು. 1986ರ ಕಾಯಿದೆಯ ಪ್ರಕಾರ 40 ವರ್ಷಗಳವರೆಗಿನ ಪರವಾನಗಿ ಪಡೆದು, ಶುಲ್ಕ ಕಟ್ಟಿ ವ್ಯವಹಾರ ನಡೆಸುತ್ತವೆ. ಹೊಸ ಬೆಟ್ಟಕ್ಕೆ ಹೊಸ ಪರವಾನಗಿ ಪಡೆಯುವುದು ಒಂದು ತಲೆಮಾರಿನ ಹೋರಾಟ. ಹಳೆಯ ಪರವಾನಗಿಯ ಬೇಲಿಯೊಳಗೇ ಇನ್ನೊಂದು ಲಿಫ್ಟು ಹಾಕುವುದು ಅದಕ್ಕಿಂತ ಸಲೀಸು, ಪರಿಸರದ ಮೇಲಾಗುವ ಪರಿಣಾಮದ ವರದಿ ಬರೆಸಬೇಕಾಗುತ್ತದಾದರೂ.

ಸಲೀಸು ಎಂದ ಮಾತ್ರಕ್ಕೆ ನಿರಾತಂಕ ಎಂದಲ್ಲ. 1990ರ ದಶಕದಲ್ಲಿ ವೇಲ್ ತನ್ನ ಬೆಟ್ಟದ ಹಿಂಬದಿಯ ಕಾಡಿಗೆ, ಇಂದು 'ಬ್ಲೂ ಸ್ಕೈ ಬೇಸಿನ್' ಎಂದು ಕರೆಯುವ ಜಾಗಕ್ಕೆ ಕೈಚಾಚಿದಾಗ ಪರಿಸರವಾದಿಗಳು ಲಿಂಕ್ಸ್ ಎಂಬ ಕಾಡುಬೆಕ್ಕಿನ ಹೆಸರಿನಲ್ಲಿ ನ್ಯಾಯಾಲಯಕ್ಕೆ ಹೋದರು. ಹಿಮದ ಮೇಲೆ ನಡೆಯಲು ಅಗಲವಾದ ಪಾದಗಳಿರುವ ಈ ಪ್ರಾಣಿ ಕೊಲರಾಡೋದಲ್ಲಿ 1970ರ ದಶಕದ ಆರಂಭದಲ್ಲಿ ವೇಲ್ ಸಮೀಪ ಖಚಿತವಾಗಿ ಕಂಡದ್ದೇ ಕೊನೆ. ನ್ಯಾಯಾಲಯ ವಿಸ್ತರಣೆಯನ್ನು ತಡೆಯಲಿಲ್ಲ. ಕೆಲವೇ ದಿನಗಳಲ್ಲಿ, 1998ರ ಅಕ್ಟೋಬರ್ 19ರ ನಸುಕಿನಲ್ಲಿ, ಬೆಟ್ಟದ ತುದಿಯಲ್ಲಿದ್ದ 'ಟೂ ಎಲ್ಕ್' ಭೋಜನಗೃಹ ಧಗಧಗ ಉರಿಯಿತು. ಬೇರೆ ಕಟ್ಟಡಗಳಿಗೂ ಲಿಫ್ಟುಗಳಿಗೂ ಹಾನಿಯಾಗಿ ನಷ್ಟ 1 ಕೋಟಿ 20 ಲಕ್ಷ ಡಾಲರ್ ಎಂದು ಅಂದಾಜಾಯಿತು. ಭೂಮಿಯ ವಿಮೋಚನೆಯ ಹೆಸರಿಟ್ಟುಕೊಂಡ ಗುಪ್ತ ಗುಂಪೊಂದು ಲಿಂಕ್ಸ್ ಪರವಾಗಿ ಬೆಂಕಿ ಇಟ್ಟೆವೆಂದು ಹೇಳಿಕೊಂಡಿತು. ಕಾನೂನಿನ ಚೌಕಟ್ಟಿನಲ್ಲಿ ಹೋರಾಡುತ್ತಿದ್ದವರಿಗೆ ಇದರಿಂದ ಆದ ಹಾನಿ ಕಂಪನಿಗೆ ಆದದ್ದಕ್ಕಿಂತ ದೊಡ್ಡದು. ಊರಿನ ಅನುಕಂಪವೆಲ್ಲ ಕಂಪನಿಯ ಕಡೆ ವಾಲಿತು, ಭೋಜನಗೃಹ ಮತ್ತೆ ಎದ್ದಿತು, 2000ದ ಜನವರಿಯಲ್ಲಿ ಬ್ಲೂ ಸ್ಕೈ ಬೇಸಿನ್ ತೆರೆಯಿತು. ಲಿಂಕ್ಸ್‌ನ ಕಥೆ ಬೇರೆ ದಾರಿ ಹಿಡಿಯಿತು. 1999ರಿಂದ 2006ರವರೆಗೆ ರಾಜ್ಯದ ವನ್ಯಜೀವಿ ಇಲಾಖೆ ಕೆನಡಾ ಮತ್ತು ಅಲಾಸ್ಕಗಳಿಂದ 218 ಲಿಂಕ್ಸ್‌ಗಳನ್ನು ತಂದು ದೂರದ ದಕ್ಷಿಣದ ಕಾಡುಗಳಲ್ಲಿ ಬಿಟ್ಟಿತು. ಅವು ಅಲ್ಲಿ ಮರಿ ಹಾಕಿ ನೆಲೆ ನಿಂತವು.

ರೆಸಾರ್ಟಿನ ಕಥೆಯಲ್ಲಿ ದಾರಿಯೇ ನಿರ್ಣಾಯಕವಾದ ಪ್ರಕರಣವೊಂದು ಕೊಲರಾಡೋದ ಆಚೆ, ಕ್ಯಾಲಿಫೋರ್ನಿಯದಲ್ಲಿ ನಡೆಯಿತು. ಅಲ್ಲಿನ ಮಿನರಲ್ ಕಿಂಗ್ ಕಣಿವೆಯಲ್ಲಿ ಮೂರೂವರೆ ಕೋಟಿ ಡಾಲರ್ ವೆಚ್ಚದಲ್ಲಿ ದಿನಕ್ಕೆ 14,000 ಜನ ಬರುವಂಥ ಸ್ಕೀ ತಾಣ ಕಟ್ಟಲು ವಾಲ್ಟ್ ಡಿಸ್ನಿಯ ಕಂಪನಿ 1960ರ ದಶಕದಲ್ಲಿ ಮುಂದಾಯಿತು. ಬೆಟ್ಟವಿತ್ತು, ಹಿಮವಿತ್ತು, ಹಣವೂ ಇತ್ತು. ಇಲ್ಲದ್ದು ರಸ್ತೆ. 20 ಮೈಲಿ ಉದ್ದದ ಹೊಸ ಹೆದ್ದಾರಿ ಸೆಕ್ವೊಯ ರಾಷ್ಟ್ರೀಯ ಉದ್ಯಾನವನ್ನು ಸೀಳಿಕೊಂಡು ಹೋಗಬೇಕಿತ್ತು. ಸಿಯೆರ್ರಾ ಕ್ಲಬ್ ಎಂಬ ಪರಿಸರ ಸಂಸ್ಥೆ ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1972ರಲ್ಲಿ ಸೋತಿತು. ಆದರೆ ಮರ, ನದಿ, ಕಣಿವೆಗಳಿಗೇ ದಾವೆ ಹೂಡುವ ಹಕ್ಕಿರಬೇಕೆಂದು ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಬರೆದ ಭಿನ್ನಮತದ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ದಾವೆ ಎಳೆದಾಡುವಷ್ಟರಲ್ಲಿ ಯೋಜನೆ ಸೊರಗಿತು. 1978ರಲ್ಲಿ ಕಣಿವೆಯೇ ಉದ್ಯಾನಕ್ಕೆ ಸೇರಿತು. ಹೆದ್ದಾರಿ ಬರಲೇ ಇಲ್ಲ. ಇಂದೂ ಅಲ್ಲಿಗೆ ಹೋಗಲು ಇರುವುದು ತಿರುವುಗಳೇ ತುಂಬಿದ ಹಳೆಯ ಕಿರುದಾರಿ; ಚಳಿಗಾಲದಲ್ಲಿ ಅದೂ ಮುಚ್ಚಿರುತ್ತದೆ.

ಮತ್ತೆ ಐ-70ರ ದಾರಿಗೆ ಬಂದರೆ, ಸುರಂಗದ ಹೊರಬಾಯಿಂದ ಸ್ವಲ್ಪವೇ ದೂರದಲ್ಲಿ ಅರಾಪಹೋ ಬೇಸಿನ್ ಎಂಬ ಹಳೆಯ ತಾಣವಿದೆ. 1946ರಲ್ಲಿ ತೆರೆದದ್ದು. ಹೊಟೇಲುಗಳ ಸಾಲಿಲ್ಲ, ಥಳುಕಿಲ್ಲ. ಅದು 2018ರ ಹೊತ್ತಿಗೆ 468 ಎಕರೆ ಹೊಸ ಇಳಿಜಾರನ್ನು ಸೇರಿಸಿಕೊಂಡು ಸುಮಾರು ಅರ್ಧದಷ್ಟು ಹಿಗ್ಗಿತು. ಹಾಗಾದರೆ ಜನ ಆರಾಮವಾಗಿ ಚದುರಿಕೊಂಡಿರಬೇಕಲ್ಲವೇ? ಬೆಟ್ಟದ ಮೇಲೇನೋ ಜಾಗವಿತ್ತು. ಕಾರು ನಿಲ್ಲಿಸಲು ಜಾಗವಿರಲಿಲ್ಲ. ಎಪಿಕ್ ಪಾಸ್ ಹಿಡಿದು ಬರುವವರ ಕಾರುಗಳು ಬೆಳಗಾಗುವಷ್ಟರಲ್ಲಿ ಅಂಗಳ ತುಂಬಿ ರಸ್ತೆಯಂಚಿಗೆ ಚಾಚುತ್ತಿದ್ದವು. ಅಷ್ಟು ದೂರದಿಂದ ಬಂದವರು ಹಿಂದಿರುಗಬೇಕಾಗುತ್ತಿತ್ತು. 2019ರಲ್ಲಿ ಅರಾಪಹೋ ಬೇಸಿನ್ ಎರಡು ದಶಕಗಳ ನಂಟನ್ನು ಕಡಿದುಕೊಂಡು ಆ ಪಾಸ್‌ನಿಂದ ಹೊರಬಂದಿತು. ವಾಹನ ನಿಲುಗಡೆಯ ಇಕ್ಕಟ್ಟೇ ಕಾರಣವೆಂದು ಬಹಿರಂಗವಾಗಿಯೇ ಹೇಳಿತು. ಬಳಿಕ ಸೇರಿದ ಐಕಾನ್ ಪಾಸ್‌ನಲ್ಲಿ ಮೊದಲು ವರ್ಷಕ್ಕೆ ಇಷ್ಟೇ ದಿನ ಎಂಬ ಮಿತಿ ಹಾಕಿತು. ಗಿರಾಕಿ ಕಡಿಮೆಯಾಗಲಿ ಎಂದು ಅಂಗಡಿಯವನೇ ಬಯಸುವ ಪ್ರಸಂಗ ವ್ಯಾಪಾರದಲ್ಲಿ ಅಪರೂಪ. ಆ ಸ್ವತಂತ್ರ ಬುದ್ಧಿಯ ತಾಣವನ್ನೂ 2024ರಲ್ಲಿ ಆಲ್ಟೆರಾ ಕೊಂಡುಕೊಂಡಿತು.

ಈ ಎಲ್ಲ ಹಿನ್ನೆಲೆಯಲ್ಲಿ ಸ್ಟೀಮ್‌ಬೋಟ್‌ನ ಮೂರು ಗಂಟೆಗಳನ್ನು ತೂಗಬೇಕು. ದಾರಿ ಸುರಂಗ ದಾಟಿ ಹೆದ್ದಾರಿಯನ್ನು ಬಿಟ್ಟು ಉತ್ತರಕ್ಕೆ ಹೊರಳಿ, ಕ್ರೆಮ್ಲಿಂಗ್ ಎಂಬ ದನಗಾಹಿಗಳ ಊರನ್ನು ಹಾದು, 9,426 ಅಡಿ ಎತ್ತರದ ರ್‍ಯಾಬಿಟ್ ಇಯರ್ಸ್ ಕಣಿವೆದಾರಿಯನ್ನು ಏರಿ ಇಳಿಯುತ್ತದೆ. ಸ್ಟೀಮ್‌ಬೋಟ್‌ಗೆ ವರ್ಷಕ್ಕೆ ಸರಾಸರಿ 300 ಇಂಚಿಗೂ ಹೆಚ್ಚು ಹಿಮ ಬೀಳುತ್ತದೆ. ನೀರಿನಂಶ ಕಡಿಮೆಯಿದ್ದು ಅರಳೆಯಂತೆ ಹಗುರಾದ ಆ ಹಿಮಕ್ಕೆ 'ಶಾಂಪೇನ್ ಪೌಡರ್' ಎಂಬ ಹೆಸರನ್ನು ಕಂಪನಿ ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಿಕೊಂಡಿದೆ. ಆಕಾಶದಿಂದ ಬೀಳುವುದಕ್ಕೂ ಹಕ್ಕುಸ್ವಾಮ್ಯ! ಅದೇ ಹಿಮ ಕಣಿವೆದಾರಿಯ ಮೇಲೂ ಬೀಳುತ್ತದೆ ಎಂಬುದನ್ನು ಮಾತ್ರ ಜಾಹೀರಾತು ಹೇಳುವುದಿಲ್ಲ. ಬೆಟ್ಟ ಅತ್ಯುತ್ತಮವಾಗಿರುವ ದಿನವೇ ದಾರಿ ಅತ್ಯಂತ ಕೆಟ್ಟದಾಗಿರುತ್ತದೆ.

ಬೆಳಿಗ್ಗೆ ಹೊರಟು ರಾತ್ರಿ ಮರಳುವವನಿಗೆ ಆರೂವರೆ ಗಂಟೆಯ ಆಟಕ್ಕೆ ಆರು ಗಂಟೆಯ ಚಾಲನೆ. ಇದು ಹೊಸ ಎಕರೆಗಳಿಂದ ತುಂಬಿಕೊಳ್ಳುವ ನಷ್ಟವಲ್ಲ. ಲವ್‌ಲ್ಯಾಂಡ್‌ನ ಹಳೆಯ ಎಕರೆಗಳೇ ಅವನಿಗೆ ಮೇಲು. ಎರಡು ರಾತ್ರಿ ತಂಗಿ ಮೂರು ದಿನ ಆಡುವವನಿಗೆ ಲೆಕ್ಕ ಬದಲಾಗುತ್ತದೆ. ಅದೇ ಆರು ಗಂಟೆ ಈಗ ಹತ್ತೊಂಬತ್ತೂವರೆ ಗಂಟೆಗಳಿಗೆ ಹಂಚಿಹೋಗುತ್ತದೆ, ಮೂರನೆಯ ದಿನವೂ ತುಳಿಯದ ಇಳಿಜಾರು ಉಳಿದಿರುತ್ತದೆ. ಹೊಸ ಎಕರೆಗಳು ಒದಗಿಬರುವುದು ಇಂಥವನಿಗೆ, ಅದರಲ್ಲೂ ಕಡಿದಾದ ಇಳಿಜಾರಿನಲ್ಲಿ ಪಳಗಿದವನಿಗೆ. ಕಂಪನಿಯ ಕಣ್ಣಿರುವುದೂ ಇವನ ಮೇಲೆಯೇ: ತಂಗುವವನು ಕೋಣೆ ಹಿಡಿಯುತ್ತಾನೆ, ಎರಡು ಹೊತ್ತು ಹೊಟೇಲಿನಲ್ಲಿ ಉಣ್ಣುತ್ತಾನೆ, ಮನಸೋತರೆ ಮುಂದೊಂದು ದಿನ ಅಲ್ಲೇ ಮನೆ ಕೊಳ್ಳುತ್ತಾನೆ. ಯೂಟಾ ರಾಜ್ಯದ ಡೀರ್ ವ್ಯಾಲಿ ರೆಸಾರ್ಟಿನಲ್ಲಿ ಇದು ಇನ್ನೂ ಸ್ಪಷ್ಟ. ಸುಮಾರು 2,000 ಎಕರೆಯಿಂದ 5,700 ಎಕರೆಗೆ ಹಿಗ್ಗಲು ಹೊರಟಿರುವ ಆ ತಾಣ, ಹಳೆಯ ಪಾರ್ಕ್ ಸಿಟಿ ಪಟ್ಟಣದ ಇಕ್ಕಟ್ಟನ್ನು ತಪ್ಪಿಸಿ ಹೆದ್ದಾರಿಯ ಮಗ್ಗುಲಲ್ಲೇ ಹೊಸ ಹೆಬ್ಬಾಗಿಲನ್ನು, ಅದರ ಸುತ್ತ ಹೊಟೇಲು, ಮನೆಗಳ ಊರನ್ನೇ ಕಟ್ಟುತ್ತಿದೆ. ಇಳಿಜಾರುಗಳ ಜತೆಗೆ ಅಲ್ಲಿ ಬೆಳೆಯುತ್ತಿರುವುದು ನಿವೇಶನಗಳು.

ಸ್ಟೀಮ್‌ಬೋಟ್ ಮಾತ್ರ ಹುಟ್ಟಿನಿಂದ ರೆಸಾರ್ಟು ಊರಲ್ಲ. ದನ ಸಾಕುವ ಯಾಂಪಾ ಕಣಿವೆಯ ಪೇಟೆ ಅದು. ಹಬೆದೋಣಿಯ ಎಂಜಿನ್ನಿನಂತೆ ಗುಟುಕುಟು ಸದ್ದು ಮಾಡುತ್ತಿದ್ದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಆ ಹೆಸರು ಬಂತು. 1908ರ ಸುಮಾರಿಗೆ ರೈಲುಹಾದಿ ಹಾಕುವಾಗ ಬುಗ್ಗೆಯ ಸದ್ದು ಅಡಗಿತು ಎನ್ನುತ್ತಾರೆ. ನಾರ್ವೆಯಿಂದ ಬಂದ ಕಲ್ಲುಕುಟಿಗ ಕಾರ್ಲ್ ಹೋವೆಲ್ಸನ್, ಹಿಂದೊಮ್ಮೆ ಸರ್ಕಸ್ಸಿನಲ್ಲಿ ಸ್ಕೀ ಮೇಲೆ ಹಾರಿ ಹೆಸರು ಮಾಡಿದವನು, 1913ರಲ್ಲಿ ಇಲ್ಲಿ ನೆಲೆಸಿ ಊರ ಮಕ್ಕಳಿಗೆ ಜಾರುವುದನ್ನೂ ಜಿಗಿಯುವುದನ್ನೂ ಕಲಿಸಿದ. 1914ರಲ್ಲಿ ಚಳಿಗಾಲದ ಜಾತ್ರೆ ಆರಂಭವಾಯಿತು, ಈಗಲೂ ನಡೆಯುತ್ತದೆ. ಅವನ ಹೆಸರಿನ ಗುಡ್ಡ ಪೇಟೆಯ ನಡುವೆಯೇ ಇದೆ. ಅದು ನಗರಸಭೆಯ ಆಸ್ತಿ. ಶಾಲೆ ಬಿಟ್ಟ ಮಕ್ಕಳು ನಡೆದೇ ಹೋಗಿ ಸ್ಕೀ ಮಾಡುವ ಈ ಊರು ಒಲಿಂಪಿಕ್ಸ್‌ಗೆ ಕಳಿಸಿದ ಆಟಗಾರರ ಸಂಖ್ಯೆ ನೂರರ ಆಸುಪಾಸು. ಅವರಲ್ಲೊಬ್ಬ ಬಡ್ಡಿ ವರ್ನರ್ 1964ರಲ್ಲಿ ಸ್ವಿಟ್ಜರ್ಲೆಂಡಿನ ಹಿಮಪಾತದಲ್ಲಿ ಮಡಿದಾಗ, ಅದರ ಹಿಂದಿನ ವರ್ಷವಷ್ಟೇ ರೆಸಾರ್ಟು ತೆರೆದಿದ್ದ ಸ್ಟಾರ್ಮ್ ಮೌಂಟನ್ ಬೆಟ್ಟಕ್ಕೆ ಊರವರು ಅವನ ಹೆಸರಿಟ್ಟರು.

ಇಂದು ಆ ಊರಿನಲ್ಲಿ ಮನೆಯ ಬೆಲೆ ಶಿಕ್ಷಕನಿಗೂ ಬಸ್ ಚಾಲಕನಿಗೂ ಲಿಫ್ಟ್ ನಡೆಸುವವನಿಗೂ ಎಟುಕುವುದಿಲ್ಲ. 2021ರಲ್ಲಿ ಹೆಸರು ಹೇಳಲಿಚ್ಛಿಸದ ದಾನಿಯೊಬ್ಬರು ಕೊಟ್ಟ ಸುಮಾರು 2 ಕೋಟಿ 40 ಲಕ್ಷ ಡಾಲರ್‌ನಿಂದ ಅಲ್ಲಿನ ವಸತಿ ಪ್ರಾಧಿಕಾರ ಪೇಟೆಯ ಪಶ್ಚಿಮಕ್ಕೆ 536 ಎಕರೆಯ ಬ್ರೌನ್ ರ್‍ಯಾಂಚ್ ಎಂಬ ಜಮೀನನ್ನು ಕೊಂಡಿತು. ದುಡಿಯುವವರಿಗಾಗಿ ಎರಡು ಸಾವಿರಕ್ಕೂ ಹೆಚ್ಚು ಮನೆಗಳನ್ನು ಹಂತಹಂತವಾಗಿ ಕಟ್ಟುವ ಯೋಜನೆ ಸಿದ್ಧವಾಯಿತು. ಜಮೀನು ನಗರದ ಎಲ್ಲೆಯೊಳಗೆ ಬರಬೇಕಿತ್ತು. 2024ರ ಮಾರ್ಚ್‌ನಲ್ಲಿ ಮತಕ್ಕೆ ಹಾಕಿದಾಗ ಊರಿನ ಮತದಾರರು ಬೇಡವೆಂದರು. ಖರ್ಚು ಯಾರ ತಲೆಗೆ, ಯೋಜನೆ ಊರಿಗೆ ಮೀರಿದ್ದಲ್ಲವೇ ಎಂಬ ಅವರ ಅನುಮಾನಗಳು ಪೊಳ್ಳೇನೂ ಅಲ್ಲ. ಆದರೂ ಮಹಾಗನಿ ರಿಜ್‌ನ 650 ಎಕರೆ ತೆರೆದ ಅದೇ ಚಳಿಗಾಲದ ಕೊನೆಯಲ್ಲಿ ಮನೆಗಳ 536 ಎಕರೆ ಬಿದ್ದುಹೋದದ್ದು ಯಾರ ಕಣ್ಣಿಗಾದರೂ ಬೀಳುವ ಸಂಗತಿ.

ಮನೆ ಸಿಗದವರು ಹೇಡನ್, ಕ್ರೇಗ್ ಊರುಗಳಲ್ಲಿದ್ದಾರೆ. ಹೇಡನ್ 40 ಕಿಲೋಮೀಟರ್ ದೂರ. ಕ್ರೇಗ್ ಸುಮಾರು 68. ಕಲ್ಲಿದ್ದಲು ಗಣಿಯನ್ನೂ ವಿದ್ಯುತ್ ಸ್ಥಾವರವನ್ನೂ ನೆಚ್ಚಿ ಬೆಳೆದ ಊರು ಅದು. ಲಿಫ್ಟುಗಳು ಎಂಟೂವರೆಗೆ ತಿರುಗಬೇಕಾದರೆ ಅವನ್ನು ನಡೆಸುವವರು ಕತ್ತಲಲ್ಲೇ ಹೊರಡಬೇಕು. ಡೆನ್ವರ್‌ನವನು ಋತುವಿಗೆ ನಾಲ್ಕಾರು ಸಲ ಮಾಡುವ ದೀರ್ಘ ಪ್ರಯಾಣವನ್ನು ಇವರು ವಾರಕ್ಕೆ ಐದು ದಿನ, ಹಿಮಗಟ್ಟಿದ ದಾರಿಯಲ್ಲಿ ಮಾಡುತ್ತಾರೆ. ಹೊಸ ಇಳಿಜಾರೆಂದರೆ ಹೊಸ ಲಿಫ್ಟು, ಅದಕ್ಕೆ ಆಳುಗಳು. ಹಿಮಪಾತವಾಗದಂತೆ ನಸುಕಿನಲ್ಲೇ ಸಿಡಿಮದ್ದು ಸಿಡಿಸಿ ಸಡಿಲ ಹಿಮವನ್ನು ಉದುರಿಸುವ ಕಾವಲುಪಡೆಯವರೂ ಬೇಕು. ಅವರೆಲ್ಲ ಎಲ್ಲಿಂದಲಾದರೂ ಬರಲೇಬೇಕು.

ಮೂರು ಗಂಟೆಯ ಈ ದಾರಿಗೆ ಪರ್ಯಾಯ ಇಲ್ಲವೇ ಎಂದರೆ, ಹಿಂದೊಮ್ಮೆ ಇತ್ತು. ರಾಕಿ ಪರ್ವತದ ಅಡಿಯಲ್ಲಿ ಹತ್ತು ಕಿಲೋಮೀಟರ್ ಕೊರೆದ ಮೊಫಾಟ್ ರೈಲು ಸುರಂಗ 1928ರಲ್ಲಿ ತೆರೆಯಿತು. ಅದರ ಪಶ್ಚಿಮ ಬಾಯಿಯಲ್ಲೇ ಡೆನ್ವರ್ ನಗರಸಭೆ 1940ರಲ್ಲಿ ವಿಂಟರ್ ಪಾರ್ಕ್ ಎಂಬ ಸ್ಕೀ ತಾಣವನ್ನು ಆರಂಭಿಸಿತು. ಜನ ನಗರದ ನಡುವೆ ರೈಲು ಹತ್ತಿ ಇಳಿಜಾರಿನ ಬುಡದಲ್ಲಿ ಇಳಿಯುತ್ತಿದ್ದರು. 2009ರಲ್ಲಿ ನಿಂತ ಆ ರೈಲು 2017ರಲ್ಲಿ ಮತ್ತೆ ಹೊರಟಿತು. ಅದೇ ಹಳಿ ಮುಂದೆ ಸ್ಟೀಮ್‌ಬೋಟ್, ಹೇಡನ್‌ಗಳನ್ನು ಹಾದು ಕ್ರೇಗ್‌ವರೆಗೆ ಹೋಗುತ್ತದೆ. ಆ ಮಾರ್ಗದ ಪ್ರಯಾಣಿಕರ ರೈಲು 1968ರಲ್ಲಿ ನಿಂತುಹೋಯಿತು. ಬಳಿಕ ಓಡಿದ್ದು ಕಲ್ಲಿದ್ದಲಿನ ಗೂಡ್ಸ್ ಬಂಡಿಗಳು. ಈಗ ಕಲ್ಲಿದ್ದಲಿನ ಬೇಡಿಕೆ ಕುಸಿದು ಹಳಿಗಳು ಬಿಡುವಾಗುತ್ತಿರುವುದರಿಂದ ಪ್ರಯಾಣಿಕರ ರೈಲನ್ನು ಕ್ರೇಗ್‌ವರೆಗೂ ಓಡಿಸುವ ಯೋಜನೆಯನ್ನು ರಾಜ್ಯ ಸರ್ಕಾರ ಕೈಗೆತ್ತಿಕೊಂಡಿದೆ. ಮೊಫಾಟ್ ಸುರಂಗದ 99 ವರ್ಷಗಳ ಗುತ್ತಿಗೆ 2025ರ ಆರಂಭದಲ್ಲಿ ಮುಗಿಯುವ ಹೊತ್ತಿಗೆ, ಹೊಸ ಗುತ್ತಿಗೆಗೆ ಬದಲಾಗಿ ಪ್ರಯಾಣಿಕರ ರೈಲಿಗೆ ಹಳಿ ಬಿಟ್ಟುಕೊಡುವಂತೆ ರೈಲು ಕಂಪನಿಯನ್ನು ಅದು ಒಪ್ಪಿಸಿತು. ಸ್ಟೀಮ್‌ಬೋಟ್‌ನಲ್ಲಿ 1909ರಲ್ಲಿ ಕಟ್ಟಿದ ರೈಲು ನಿಲ್ದಾಣ ಈಗಲೂ ನದಿಯ ಬದಿಯಲ್ಲಿ ಗಟ್ಟಿಯಾಗಿ ನಿಂತಿದೆ. ಐದು ದಶಕಗಳಿಗೂ ಮಿಕ್ಕಿ ಪ್ರಯಾಣಿಕರ ರೈಲು ಕಾಣದ ಆ ಕಟ್ಟಡದಲ್ಲಿ ಈಗ ಊರಿನ ಕಲಾಕೇಂದ್ರವಿದೆ.